ಗಾಲಿಯ ಇಕ್ಕಳ

ಓಡುವುದನ್ನು ಮೆಚ್ಚುವವರು ಲೋಕದಲ್ಲಿ ಬಹುಮಂದಿ. ನಿಲ್ಲುವುದನ್ನು ಮೆಚ್ಚುವವರು ವಿರಳ. ಯಾರ ಮನೆಗಾದರೂ ಹೊಸದಾಗಿ ಕಾರು ಬಂದ ದಿನ ನೆಂಟರಿಷ್ಟರು ಕೇಳುವ ಪ್ರಶ್ನೆಗಳನ್ನು ಗಮನಿಸಿರಿ. ಬೆಲೆ ಎಷ್ಟು, ಲೀಟರಿಗೆ ಎಷ್ಟು ದೂರ ಓಡುತ್ತದೆ, ಒಳಗೆ ಎಷ್ಟು ಮಂದಿ ಕುಳಿತುಕೊಳ್ಳಬಹುದು, ಈ ಬಣ್ಣವನ್ನು ಆರಿಸಿದವರು ಯಾರು, ಇಷ್ಟನ್ನೂ ಕೇಳುತ್ತಾರೆ. ‘ಇದು ನಿಲ್ಲುವುದು ಹೇಗೆ?’ ಎಂದು ಕೇಳಿದವರನ್ನು ನಾನು ಇದುವರೆಗೆ ಕಂಡಿಲ್ಲ. ಗಾಡಿಗೆ ಆರತಿ ಎತ್ತುತ್ತೇವೆ, ಕುಂಕುಮ ಹಚ್ಚುತ್ತೇವೆ, ಗಾಲಿಗಳ ಅಡಿಯಲ್ಲಿ ನಿಂಬೆಯ ಹಣ್ಣನ್ನಿಟ್ಟು ಹಾಯಿಸುತ್ತೇವೆ. ಆ ಹಣ್ಣಿನಿಂದ ಒಂದು ಗೇಣು ಮೇಲೆ, ಗಾಲಿಯ ಒಳಮಗ್ಗುಲಲ್ಲಿ, ಕೆಸರನ್ನೂ ಧೂಳನ್ನೂ ತಿನ್ನುತ್ತ ಕುಳಿತು ಮನೆಮಂದಿಯ ಪ್ರಾಣವನ್ನು ಕಾಯುವ ಸಣ್ಣ ಯಂತ್ರವೊಂದುಂಟು. ಅದರ ಕಡೆಗೆ ಯಾರ ಕಣ್ಣೂ ಹೋಗುವುದಿಲ್ಲ. ಬಲ್ಲವರು ಅದನ್ನು ಕ್ಯಾಲಿಪರ್ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಅದಕ್ಕೆ ಇಕ್ಕಳವೆಂದೇ ಹೆಸರು. ಆ ಹೆಸರು ಬಂದ ಬಗೆಯನ್ನು ಮುಂದೆ ಹೇಳುತ್ತೇನೆ.

ನಾನು ಯಂತ್ರಶಾಸ್ತ್ರವನ್ನು ಓದಿದವನಲ್ಲ. ಆದರೆ ನಮ್ಮ ಮನೆ ಇರುವುದು ಮಲೆನಾಡಿನಲ್ಲಿ. ನೆಂಟಸ್ತನವೆಲ್ಲ ಘಟ್ಟದ ಕೆಳಗೆ. ಮದುವೆ ಬರಲಿ, ಉಪನಯನ ಬರಲಿ, ತಿಥಿ ಬರಲಿ, ಆಗುಂಬೆಯ ತಿರುವುಗಳನ್ನು ಇಳಿಯದೆ ಗತ್ಯಂತರವಿಲ್ಲ. ಹಾಗೆ ಇಳಿಯುವಾಗಲೆಲ್ಲ, ಬಲಗಾಲಿನ ಕೆಳಗಿರುವ ಆ ಚಿಕ್ಕ ಪೆಡಲಿಗೂ ಗಾಲಿಗಳಿಗೂ ನಡುವೆ ಏನು ನಡೆಯುತ್ತದೆ ಎಂಬ ಕುತೂಹಲ ನನ್ನನ್ನು ಕಾಡುತ್ತಿತ್ತು. ನಮ್ಮೂರಿನ ಮೇಸ್ತ್ರಿಗಳು ಸಜ್ಜನರು. ಅವರ ಶೆಡ್ಡಿನಲ್ಲಿ ಮರದ ಪೆಟ್ಟಿಗೆಯೊಂದರ ಮೇಲೆ ಕುಳಿತು, ಅವರು ಗಾಲಿ ಕಳಚುವುದನ್ನೂ ಜೋಡಿಸುವುದನ್ನೂ ನೋಡುತ್ತ, ಕೇಳಿದ್ದನ್ನೇ ಕೇಳಿ ಅವರನ್ನು ಗೋಳುಹೊಯ್ದುಕೊಂಡು, ಮನೆಗೆ ಬಂದು ಪುಸ್ತಕಗಳನ್ನು ತಿರುವಿಹಾಕಿ ತಿಳಿದುಕೊಂಡ ಸಂಗತಿಗಳನ್ನು ಇಲ್ಲಿ ವಾಚಕರ ಮುಂದಿಡುತ್ತಿದ್ದೇನೆ.

ತಿರುಗುವ ಗಾಲಿಯನ್ನು ನಿಲ್ಲಿಸಬೇಕಾದರೆ ಅದಕ್ಕೆ ಏನನ್ನಾದರೂ ಒತ್ತಿ ಉಜ್ಜಬೇಕು. ಕುಂಬಾರನು ತನ್ನ ತಿಗರಿಯನ್ನು ಅಂಗೈಯಿಂದ ಒತ್ತಿ ನಿಲ್ಲಿಸುವುದೂ ಇದೇ ಉಪಾಯದಿಂದ. ಹಳೆಯ ಅಂಬಾಸಡರ್ ಕಾರಿನಲ್ಲಿ ಗಾಲಿಯ ಜೊತೆಗೆ ತಿರುಗುವ ಕಬ್ಬಿಣದ ಬೋಗುಣಿಯಂಥ ಡ್ರಮ್ಮೊಂದಿತ್ತು. ಅದರೊಳಗೆ ಕಮಾನಿನ ಆಕಾರದ ಎರಡು ಪಟ್ಟಿಗಳು ಅಡಗಿರುತ್ತಿದ್ದವು. ಪೆಡಲನ್ನು ತುಳಿದರೆ ಅವು ಅಗಲಿಕೊಂಡು ಬೋಗುಣಿಯ ಒಳಮೈಯನ್ನು ಒತ್ತುತ್ತಿದ್ದವು. ಇದು ಒಳ್ಳೆಯ ಏರ್ಪಾಡೇ. ಇಂದಿಗೂ ಅನೇಕ ಸಣ್ಣ ಕಾರುಗಳ ಹಿಂದಿನ ಗಾಲಿಗಳಲ್ಲಿ ಇದೇ ಇದೆ. ಆದರೆ ಉಜ್ಜಿದಲ್ಲಿ ಕಾವು ಹುಟ್ಟುತ್ತದೆ. ಮುಚ್ಚಿದ ಬೋಗುಣಿಯೊಳಗಿನ ಕಾವು ಬೇಗ ಹೊರಕ್ಕೆ ಹೋಗಲಾರದು. ಮೇಲಾಗಿ, ಕಾದ ಬೋಗುಣಿ ಹಿಗ್ಗಿ, ತನ್ನನ್ನು ಒತ್ತುವ ಪಟ್ಟಿಗಳಿಂದ ದೂರ ಸರಿಯುತ್ತದೆ. ಬ್ರೇಕು ಯಾವಾಗ ಹೆಚ್ಚು ಬೇಕೋ ಆಗಲೇ ಅದು ಸೋಲುತ್ತದೆ.

ಇದಕ್ಕೆ ಪರಿಹಾರವಾಗಿ ಬಂದದ್ದು ಡಿಸ್ಕು. ದೋಸೆಯ ಕಾವಲಿಯಂಥ ಕಬ್ಬಿಣದ ತಟ್ಟೆಯೊಂದು ಗಾಲಿಯ ಜೊತೆಗೆ ಬಯಲಿನಲ್ಲಿಯೇ ತಿರುಗುತ್ತದೆ. ಅದನ್ನು ಎರಡು ಮಗ್ಗುಲುಗಳಿಂದಲೂ ಪ್ಯಾಡುಗಳು ಒತ್ತುತ್ತವೆ. ಸೈಕಲ್ಲಿನ ಬ್ರೇಕು ಗಾಲಿಯ ಸುತ್ತುಪಟ್ಟಿಯನ್ನು ಎರಡು ರಬ್ಬರಿನ ತುಂಡುಗಳಿಂದ ಹಿಡಿಯುವುದನ್ನು ನೋಡಿದವರಿಗೆ ಇದು ಹೊಸತಲ್ಲ. ಬಯಲಿನಲ್ಲಿರುವುದರಿಂದ ಗಾಳಿ ಬೀಸಿ ಬೇಗ ಆರುತ್ತದೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ಫ್ರೆಡರಿಕ್ ಲಾಂಚೆಸ್ಟರ್ ಎಂಬ ಶಿಲ್ಪಿ ೧೯೦೨ರಲ್ಲಿಯೇ ಇಂಥದಕ್ಕೆ ಪೇಟೆಂಟು ಪಡೆದನು. ಆದರೆ ಆ ಕಾಲದಲ್ಲಿ ಉಜ್ಜುವುದಕ್ಕೆ ತಕ್ಕ ಪದಾರ್ಥವಿರಲಿಲ್ಲ. ಲೋಹಕ್ಕೆ ಲೋಹ ಉಜ್ಜಿ ಕಿರುಚಿಕೊಳ್ಳುವ ಬ್ರೇಕನ್ನು ಯಾರು ತಾನೆ ಸಹಿಸಿಯಾರು? ಆ ಉಪಾಯ ಅರ್ಧ ಶತಮಾನ ಮೂಲೆಯಲ್ಲಿ ಬಿದ್ದಿತ್ತು. ೧೯೫೩ರಲ್ಲಿ ಫ್ರಾನ್ಸಿನ ಲೆ ಮಾನ್ ಎಂಬಲ್ಲಿ ನಡೆದ ಇಪ್ಪತ್ತನಾಲ್ಕು ಗಂಟೆಗಳ ಓಟದಲ್ಲಿ, ಡನ್ಲಪ್ ಕಂಪೆನಿಯ ಡಿಸ್ಕ್ ಬ್ರೇಕುಗಳನ್ನು ತೊಟ್ಟ ಜಾಗ್ವಾರ್ ಕಾರು ಗೆದ್ದಿತು. ತಿರುವಿನ ತೀರ ಸಮೀಪದವರೆಗೂ ವೇಗದಿಂದ ಬಂದು, ಅನಂತರ ಬ್ರೇಕು ಹಾಕಿದರೂ ಸಾಕಾಗುತ್ತಿದ್ದುದರಿಂದ ಅದಕ್ಕೆ ಮೇಲುಗೈಯಾಯಿತು. ವೇಗವಾಗಿ ಓಡುವುದಕ್ಕೂ ಚೆನ್ನಾಗಿ ನಿಲ್ಲಬಲ್ಲ ಶಕ್ತಿಯೇ ಆಧಾರವೆಂಬುದು ಅಂದು ಎಲ್ಲರಿಗೂ ಮನವರಿಕೆಯಾಯಿತು. ಎರಡು ವರ್ಷಗಳ ತರುವಾಯ, ೧೯೫೫ರಲ್ಲಿ, ಫ್ರಾನ್ಸಿನ ಸಿತ್ರೊಎನ್ ಕಂಪೆನಿ ತನ್ನ ಡಿ.ಎಸ್. ಎಂಬ ಕಾರಿನ ಮುಂದಿನ ಗಾಲಿಗಳಿಗೆ ಡಿಸ್ಕನ್ನು ಅಳವಡಿಸಿ, ಅದನ್ನು ಗೃಹಸ್ಥರ ಬಾಗಿಲಿಗೆ ತಂದಿತು.

ಇನ್ನು ಬಲದ ಸಂಗತಿ. ಒಂದು ಟನ್ನಿಗೂ ಮೀರಿದ ಗಾಡಿಯನ್ನು ಕೇವಲ ಪಾದದ ಒತ್ತಡ ನಿಲ್ಲಿಸುವುದು ಹೇಗೆ? ಇಲ್ಲಿ ಮೂರು ಮಂದಿ ಸಹಾಯಕರಿದ್ದಾರೆ. ಮೊದಲನೆಯವನು ಪೆಡಲಿನ ಸನ್ನೆ. ಸನ್ನೆಗೋಲಿನಿಂದ ಬಂಡೆಯನ್ನು ಮೀಟುವಂತೆ, ೨೦ ಕಿಲೋ ಭಾರದಷ್ಟು ತುಳಿತವನ್ನು ಅದು ನಾಲ್ಕು ಪಟ್ಟು ಮಾಡಿ ೮೦ಕ್ಕೆ ಏರಿಸುತ್ತದೆ ಎಂದಿಟ್ಟುಕೊಳ್ಳಿ. ಎರಡನೆಯವನು ದ್ರವ. ಮುಚ್ಚಿದ ಪಾತ್ರೆಯೊಳಗಿನ ದ್ರವವನ್ನು ಒಂದೆಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆಂದು ಹದಿನೇಳನೆಯ ಶತಮಾನದ ಫ್ರೆಂಚ್ ಪಂಡಿತ ಬ್ಲೇಸ್ ಪಾಸ್ಕಲ್ ತೋರಿಸಿಕೊಟ್ಟನು. ಪೆಡಲಿನ ಬಳಿಯ ಪಿಸ್ಟನ್ನಿನ ಅಡ್ಡಳತೆ ೨೦ ಮಿಲಿಮೀಟರು, ಗಾಲಿಯ ಬಳಿಯ ಪಿಸ್ಟನ್ನಿನದು ೫೦ ಆದರೆ, ಎರಡನೆಯದರ ಮೈ ಮೊದಲನೆಯದರ ಆರೂಕಾಲು ಪಟ್ಟು ಅಗಲವಾಗುತ್ತದೆ. ಎಂಬತ್ತು ಕಿಲೋ ಭಾರ ಅಲ್ಲಿ ಐದುನೂರಾಗುತ್ತದೆ. ಈ ಲಾಭ ಪುಕ್ಕಟೆಯಲ್ಲ. ಬಲ ಹೆಚ್ಚಿದಷ್ಟೂ ಚಲನೆ ಕಡಿಮೆಯಾಗುತ್ತದೆ. ಪಾದ ಅಂಗುಲಗಟ್ಟಲೆ ಇಳಿದರೆ ಗಾಲಿಯ ಬಳಿ ಪಿಸ್ಟನ್ ಕೂದಲೆಳೆಯಷ್ಟು ಸರಿದೀತು. ಅಷ್ಟೇ ಸಾಕು. ಮೂರನೆಯವನು ಎಂಜಿನ್ನಿನ ಸೆಳೆತದಿಂದ ಕೆಲಸ ಮಾಡುವ ಬೂಸ್ಟರ್ ಎಂಬ ಗುಂಡನೆಯ ಡಬ್ಬಿ. ಅದು ಪಾದಕ್ಕೆ ಇನ್ನಷ್ಟು ಬಲ ಕೊಡುತ್ತದೆ. ಪೆಟ್ರೋಲು ಉಳಿಯಲೆಂದು ಇಳಿಜಾರಿನಲ್ಲಿ ಎಂಜಿನ್ ಆರಿಸುವ ಜಾಣರು ಈ ಮೂರನೆಯವನನ್ನು ತಾವಾಗಿಯೇ ಮನೆಗೆ ಕಳುಹಿಸುತ್ತಾರೆಂಬುದನ್ನು ನೆನಪಿಡಬೇಕು. ನಾಲ್ಕಾರು ಸಲ ತುಳಿಯುವಷ್ಟರಲ್ಲಿ ಪೆಡಲು ಕಲ್ಲಿನಂತೆ ಗಟ್ಟಿಯಾಗುತ್ತದೆ.

ಈ ಬಲವನ್ನು ಡಿಸ್ಕಿಗೆ ಮುಟ್ಟಿಸುವವನೇ ನಮ್ಮ ಕಥಾನಾಯಕ. ನಾನು ಇದನ್ನೆಲ್ಲ ಮನೆಯಲ್ಲಿ ವಿವರಿಸುತ್ತಿದ್ದಾಗ ನನ್ನ ಹೆಂಡತಿ ಒಲೆಯಿಂದ ಅನ್ನದ ಪಾತ್ರೆಯನ್ನು ಇಳಿಸುತ್ತ, ‘ಇಷ್ಟು ಸುತ್ತಿ ಬಳಸಿ ಏಕೆ ಹೇಳುತ್ತೀರಿ? ಇಕ್ಕಳ ಎನ್ನಿ, ಸಾಕು’ ಎಂದಳು. ಅಂದಿನಿಂದ ಆ ಹೆಸರೇ ನಿಂತಿತು. ಕೆಲವು ಬೆಲೆಬಾಳುವ ಕಾರುಗಳಲ್ಲಿ ಇಕ್ಕಳದ ಎರಡು ತುಟಿಗಳಲ್ಲೂ ಪಿಸ್ಟನ್ನುಗಳಿದ್ದು, ಎರಡು ಕಡೆಯಿಂದಲೂ ನೂಕುತ್ತವೆ. ನಮ್ಮಂಥವರ ಕಾರಿನ ಇಕ್ಕಳದಲ್ಲಿ ಇರುವುದು ಒಂದೇ ಪಿಸ್ಟನ್; ಅದೂ ಒಳಮಗ್ಗುಲಿಗೆ. ಹಾಗಾದರೆ ಹೊರಮಗ್ಗುಲಿನ ಪ್ಯಾಡನ್ನು ಒತ್ತುವವರು ಯಾರು?

ಇದರ ಉತ್ತರ ನಮ್ಮ ತುಂಗೆಯ ದಡದಲ್ಲಿಯೇ ಸಿಗುತ್ತದೆ. ದೋಣಿಯಲ್ಲಿ ನಿಂತವನು ಗಳುವಿನಿಂದ ದಡವನ್ನು ನೂಕಿದರೆ ದಡ ಸರಿಯುವುದಿಲ್ಲ. ದೋಣಿಯೇ ಹಿಂದಕ್ಕೆ ಸರಿಯುತ್ತದೆ. ಪಿಸ್ಟನ್ ಒಳಗಿನ ಪ್ಯಾಡನ್ನು ಡಿಸ್ಕಿಗೆ ಒತ್ತುತ್ತದೆ. ಡಿಸ್ಕು ಪಕ್ಕಕ್ಕೆ ಸರಿಯಲಾರದು. ಆದ್ದರಿಂದ ಪಿಸ್ಟನ್ನನ್ನು ಹೊತ್ತ ಇಕ್ಕಳವೇ ಎದುರು ದಿಕ್ಕಿಗೆ ಸರಿದು, ಡಿಸ್ಕಿನ ಅಂಚನ್ನು ಬಳಸಿ ಆಚೆ ಚಾಚಿರುವ ತನ್ನ ಹೊರತುಟಿಯಿಂದ ಹೊರಗಿನ ಪ್ಯಾಡನ್ನು ಡಿಸ್ಕಿಗೆ ಎಳೆದು ಒತ್ತುತ್ತದೆ. ಒಂದೇ ನೂಕಿನಿಂದ ಎರಡು ಕಡೆಗೂ ಸಮನಾದ ಹಿಡಿತ. ಇಕ್ಕಳ ಹೀಗೆ ಅತ್ತಿತ್ತ ಸರಿಯುವುದು ಕಿರುಬೆರಳಿನ ಗಾತ್ರದ ಎರಡು ಉಕ್ಕಿನ ಪಿನ್ನುಗಳ ಮೇಲೆ. ಅವು ಗ್ರೀಸಿನಲ್ಲಿ ನೆನೆದು, ನೀರು ಧೂಳು ಹೋಗದಂತೆ ನಿರಿಗೆಯುಳ್ಳ ರಬ್ಬರಿನ ಕುಪ್ಪಸಗಳನ್ನು ತೊಟ್ಟಿರುತ್ತವೆ. ದೋಣಿ ತೇಲುತ್ತಿದ್ದರೆ ತಾನೆ ಸರಿಯುವುದು? ಈ ಪಿನ್ನುಗಳು ತುಕ್ಕು ಹಿಡಿದರೆ ದೋಣಿ ಕೆಸರಿನಲ್ಲಿ ಹೂತ ಹಾಗೆ.

ಹೆಂಡತಿ ಇನ್ನೊಂದು ಪ್ರಶ್ನೆ ಹಾಕಿದಳು: ‘ಇಕ್ಕಳ ಹಿಡಿದದ್ದಾಯಿತು. ಬಿಡಿಸುವವರು ಯಾರು?’ ನಾನು ಸ್ಪ್ರಿಂಗು ಇರಬಹುದೆಂದು ಮೇಸ್ತ್ರಿಗಳನ್ನು ಕೇಳಿದೆ. ಅವರು ನಕ್ಕು, ಪಿಸ್ಟನ್ನನ್ನು ಹೊರಕ್ಕೆ ತೆಗೆದು, ಅದು ಕುಳಿತಿದ್ದ ಗೂಡಿನ ಒಳಗೋಡೆಯ ಕಾಲುವೆಯಿಂದ ಬಳೆಯಂಥ ಕಪ್ಪು ರಬ್ಬರಿನ ಉಂಗುರವೊಂದನ್ನು ಎಬ್ಬಿಸಿ ನನ್ನ ಕೈಯಲ್ಲಿಟ್ಟರು. ಕತ್ತರಿಸಿ ನೋಡಿದರೆ ಅದರ ಎಳೆ ಚೌಕವಾಗಿರುತ್ತದೆ. ದ್ರವ ಸೋರದಂತೆ ತಡೆಯುವುದು ಅದರ ಒಂದು ಕೆಲಸ. ಅದಕ್ಕಿಂತಲೂ ಸೋಜಿಗವಾದ ಎರಡನೆಯ ಕೆಲಸವೊಂದಿದೆ. ತಾಯಿಯ ಸೆರಗನ್ನು ಹಿಡಿದು ಕುಳಿತ ಮಗುವನ್ನು ನೋಡಿದ್ದೀರಷ್ಟೆ. ತಾಯಿ ಅರ್ಧ ಹೆಜ್ಜೆ ಮುಂದಿಟ್ಟರೆ ಮಗು ಬಾಗುತ್ತದೆ, ಸೆರಗನ್ನು ಬಿಡುವುದಿಲ್ಲ. ತಾಯಿ ನಿಂತೊಡನೆ ಮಗು ನೆಟ್ಟಗಾಗಿ ಸೆರಗನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಪಿಸ್ಟನ್ ಮುಂದೆ ಸರಿದಾಗ ಈ ಉಂಗುರ ಅದರ ಮೈಗೆ ಅಂಟಿಕೊಂಡೇ ಬಾಗುತ್ತದೆ. ಪಾದವನ್ನು ಎತ್ತಿದಾಗ ದ್ರವದ ಒತ್ತಡ ಹೋಗುತ್ತದೆ. ಬಾಗಿದ ರಬ್ಬರು ನೆಟ್ಟಗಾಗುತ್ತ ಪಿಸ್ಟನ್ನನ್ನು ತುಸು ಹಿಂದಕ್ಕೆ ಎಳೆಯುತ್ತದೆ. ಒಂದು ಮಿಲಿಮೀಟರಿನ ಕೆಲವು ಹತ್ತನೆಯ ಭಾಗದಷ್ಟು, ಅಷ್ಟೆ. ಪ್ಯಾಡು ಬಿಡುಗಡೆಯಾಗಿ ಗಾಲಿ ಹಗುರವಾಗಿ ತಿರುಗುತ್ತದೆ.

ಪ್ಯಾಡು ಸವೆದು ತೆಳ್ಳಗಾದಾಗ ಪಿಸ್ಟನ್ ಇನ್ನಷ್ಟು ಮುಂದೆ ಬರಬೇಕಾಗುತ್ತದೆ. ಆಗ ಉಂಗುರದ ಹಿಡಿತ ಜಾರಿ ಹೊಸ ಜಾಗದಲ್ಲಿ ಕಚ್ಚಿಕೊಳ್ಳುತ್ತದೆ. ತಾಯಿ ದೂರ ಹೋದರೆ ಮಗುವಿನ ಕೈ ಜಾರಿ ಸೆರಗಿನ ಬೇರೆ ಕಡೆಯನ್ನು ಹಿಡಿಯುವುದಿಲ್ಲವೆ, ಹಾಗೆ. ಡಿಸ್ಕ್ ಬ್ರೇಕನ್ನು ಆಗಾಗ ಬಿಗಿ ಮಾಡಿಸಬೇಕಾಗಿಲ್ಲದಿರುವುದು ಈ ಉಂಗುರದ ದೆಸೆಯಿಂದ. ಮುಂದೆ ಬಂದ ಪಿಸ್ಟನ್ನಿನ ಹಿಂದೆ ತೆರವಾದ ಜಾಗವನ್ನು ದ್ರವ ತುಂಬುವುದರಿಂದ, ಬಾನೆಟ್ಟಿನ ಕೆಳಗಿರುವ ಬ್ರೇಕ್ ಆಯಿಲಿನ ಡಬ್ಬಿಯಲ್ಲಿ ಮಟ್ಟ ಮೆಲ್ಲಮೆಲ್ಲನೆ ಇಳಿಯುತ್ತದೆ. ಅದನ್ನು ಕಂಡಾಗ ಮೇಲಿಂದ ಹೊಯ್ದು ತುಂಬಿಸಿ ಸುಮ್ಮನಾಗಬಾರದು. ಪ್ಯಾಡು ಸವೆದಿದೆಯೆ, ಎಲ್ಲಾದರೂ ಸೋರುತ್ತಿದೆಯೆ ಎಂದು ನೋಡಿಸಬೇಕು.

ಪಿನ್ನುಗಳ ಮಾತನ್ನು ನಾನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಕೆಲವು ವರ್ಷಗಳ ಹಿಂದೆ ನನ್ನ ಭಾವಮೈದುನ ತನ್ನ ತಾಯಿಯನ್ನೂ ಎರಡು ಮಕ್ಕಳನ್ನೂ ಕೂರಿಸಿಕೊಂಡು ಮದುವೆಯೊಂದಕ್ಕೆ ಘಟ್ಟ ಇಳಿಯುತ್ತಿದ್ದನು. ಪಟ್ಟಣದ ಒಂದು ಕಡೆ ಹೊಸ ಪ್ಯಾಡು ಹಾಕಿಸಿ ಹೆಚ್ಚು ಕಾಲವಾಗಿರಲಿಲ್ಲ. ಆದ್ದರಿಂದ ಅವನಿಗೆ ಬ್ರೇಕಿನ ವಿಷಯದಲ್ಲಿ ಪೂರ್ಣ ಧೈರ್ಯ. ಎರಡನೆಯ ತಿರುವಿನಲ್ಲಿ ಬ್ರೇಕು ಹಾಕಿದಾಗ ಗಾಡಿ ತಾನಾಗಿ ಬಲಕ್ಕೆ, ಎಂದರೆ ಎದುರಿನಿಂದ ಬರುವ ವಾಹನಗಳ ಕಡೆಗೆ, ಸೆಳೆಯಿತು. ರಸ್ತೆಯ ಇಳಿಜಾರಿನಿಂದ ಹಾಗಾಗಿರಬೇಕೆಂದು ಅವನು ಮುಂದುವರಿದನು. ಹಿಂದೆ ಕುಳಿತಿದ್ದ ನಮ್ಮ ಅತ್ತೆಯವರು ಕಿವಿಗೊಟ್ಟು ಕೇಳಿ, ‘ನಿಲ್ಲಿಸಪ್ಪ, ಕಾಳಿಲ್ಲದೆ ಬೀಸುಕಲ್ಲು ತಿರುಗಿದ ಹಾಗೆ ಸದ್ದಾಗುತ್ತಿದೆ’ ಎಂದರು. ಅವರು ಕಾರು ನಡೆಸಿದವರಲ್ಲ. ಬೀಸುಕಲ್ಲನ್ನು ಮಾತ್ರ ಬಲ್ಲವರು. ಆದರೆ ಅಂದು ಅದಕ್ಕಿಂತ ಸರಿಯಾಗಿ ಯಾರೂ ಹೇಳಲಾರರು. ಎಡಗಡೆಯ ಇಕ್ಕಳದ ಪಿನ್ನುಗಳು ತುಕ್ಕು ಹಿಡಿದು ಬಿಗಿದುಹೋಗಿದ್ದವು. ಪ್ಯಾಡು ಬದಲಿಸಿದವರು ಪಿನ್ನುಗಳನ್ನು ಬಿಚ್ಚಿ ಒರೆಸಿ ಗ್ರೀಸು ಹಚ್ಚುವ ಗೋಜಿಗೆ ಹೋಗಿರಲಿಲ್ಲ. ಇಕ್ಕಳ ಸರಿಯದೆ ಹೊರಗಿನ ಪ್ಯಾಡು ಹೊಸದಾಗಿಯೇ ಉಳಿದಿತ್ತು. ಕೆಲಸದ ಭಾರವೆಲ್ಲ ಒಳಗಿನ ಪ್ಯಾಡಿನ ಮೇಲೆ ಬಿದ್ದು, ಅದು ಪೂರ್ತಿ ಸವೆದು, ಅದರ ಹಿಂಬದಿಯ ಉಕ್ಕಿನ ಹಲಗೆ ಡಿಸ್ಕನ್ನು ಅರೆಯುತ್ತಿತ್ತು. ಎಡಗಾಲಿ ಅರ್ಧ ಮನಸ್ಸಿನಿಂದ, ಬಲಗಾಲಿ ಪೂರ್ಣ ಮನಸ್ಸಿನಿಂದ ನಿಲ್ಲುತ್ತಿದ್ದುದರಿಂದ ಗಾಡಿ ಬಲಕ್ಕೆ ವಾಲುತ್ತಿತ್ತು. ಅವರು ಅಲ್ಲಿಯೇ ನಿಂತು, ಬೇರೆ ಗಾಡಿಯಲ್ಲಿ ಇಳಿದರು. ಮುಹೂರ್ತ ತಪ್ಪಿತು, ಊಟಕ್ಕೆ ತಲುಪಿದರು. ಎಲ್ಲರೂ ತಲುಪಿದರಲ್ಲ ಎಂದು ಇಂದಿಗೂ ನಾವು ಆ ಮಾತನ್ನು ಆಡುತ್ತೇವೆ.

ಘಟ್ಟ ಇಳಿಯುವ ಗಾಡಿಯ ಬ್ರೇಕು ಹೊರುವ ಹೊರೆ ಎಷ್ಟೆಂಬುದನ್ನು ಗೃಹಿಣಿಯರ ಲೆಕ್ಕದಲ್ಲಿಯೇ ಹೇಳಬಹುದು. ಜನ ಸಾಮಾನುಗಳೊಂದಿಗೆ ೧,೨೦೦ ಕಿಲೋ ತೂಗುವ ಕಾರು ೫೦೦ ಮೀಟರಿನಷ್ಟು ಎತ್ತರವನ್ನು ಇಳಿಯಿತೆನ್ನಿ. ಆ ಇಳಿತದ ಶಕ್ತಿಯನ್ನೆಲ್ಲ ಬ್ರೇಕುಗಳೇ ಕಾವನ್ನಾಗಿ ಮಾಡಬೇಕಾದರೆ, ಸ್ನಾನದ ಹಂಡೆಯಲ್ಲಿ ೧೮ ಲೀಟರಿನಷ್ಟು ತಣ್ಣೀರನ್ನು ಕುದಿಯುವ ಹದಕ್ಕೆ ತರುವಷ್ಟು ಕಾವು ಆ ಸಣ್ಣ ತಟ್ಟೆಗಳಲ್ಲಿ ಹುಟ್ಟುತ್ತದೆ. ಸಮನೆಲದಲ್ಲಿಯೂ ವೇಗ ಎರಡರಷ್ಟಾದರೆ ನಿಲ್ಲಿಸಲು ಕಳೆಯಬೇಕಾದ ಶಕ್ತಿ ನಾಲ್ಕರಷ್ಟಾಗುತ್ತದೆ. ಈ ಕಾವು ಪ್ಯಾಡಿನಿಂದ ಪಿಸ್ಟನ್ನಿಗೂ ಪಿಸ್ಟನ್ನಿನಿಂದ ದ್ರವಕ್ಕೂ ಹರಿಯುತ್ತದೆ. ಬ್ರೇಕಿನ ದ್ರವಕ್ಕೆ ನಾವು ಆಯಿಲ್ ಎಂದರೂ ಅದು ಎಣ್ಣೆಯ ಜಾತಿಯದಲ್ಲ. ಸಾಮಾನ್ಯವಾಗಿ ಬಳಸುವುದು ಉಪ್ಪಿನಂತೆ ಗಾಳಿಯ ತೇವವನ್ನು ಹೀರುವ ಗುಣದ್ದು. ಡಾಟ್ ೪ ಎಂಬ ಬಗೆಯ ದ್ರವ ಹೊಸದಾಗಿರುವಾಗ ೨೩೦ ಡಿಗ್ರಿಗಿಂತ ಕೆಳಗೆ ಕುದಿಯಕೂಡದೆಂದು ನಿಯಮ. ನೂರಕ್ಕೆ ಮೂರು ನಾಲ್ಕು ಭಾಗ ನೀರು ಸೇರಿದ ಮೇಲೆ ೧೫೫ ಡಿಗ್ರಿಯವರೆಗೆ ತಡೆದರೆ ಸಾಕೆಂದು ಅದೇ ನಿಯಮ ಹೇಳುತ್ತದೆ. ಅಷ್ಟು ಅಂತರ! ದ್ರವ ಕುದಿದರೆ ಆವಿಯ ಗುಳ್ಳೆಗಳು ಹುಟ್ಟುತ್ತವೆ. ದ್ರವವನ್ನು ಅದುಮಲಾಗದು, ಆವಿಯನ್ನು ಅದುಮಬಹುದು. ಪಾದ ಗುಳ್ಳೆಗಳನ್ನು ಅದುಮುತ್ತ ನೆಲಕ್ಕೆ ಇಳಿಯುತ್ತದೆ, ಇಕ್ಕಳ ಕದಲುವುದಿಲ್ಲ. ಮಳೆಗಾಲದುದ್ದಕ್ಕೂ ಗೋಡೆ ಬೆವರುವ ನಮ್ಮ ಸೀಮೆಯಲ್ಲಿ ಎರಡು ವರ್ಷಕ್ಕೊಮ್ಮೆ ದ್ರವವನ್ನು ಬದಲಿಸಬೇಕೆಂಬ ಮಾತನ್ನು ಅಲಕ್ಷಿಸಬಾರದು. ಇಳಿಯುವಾಗ ಕೆಳಗಿನ ಗೇರಿನಲ್ಲಿ ಇಳಿಯಬೇಕು. ಗಾಡಿಯನ್ನು ತಡೆಯುವ ಹೊರೆಯಲ್ಲಿ ಬಹುಪಾಲನ್ನು ಆಗ ಎಂಜಿನ್ನೇ ಹೊರುತ್ತದೆ. ಏರಿದ ಗೇರಿನಲ್ಲಿಯೇ ಇಳಿಯಿರಿ ಎಂದು ಹಿರಿಯ ಚಾಲಕರು ಹೇಳುವುದರ ಅರ್ಥ ಇದೇ.

ಮನೆಯವರು ಗಮನಿಸಬೇಕಾದ ಗುರುತುಗಳು ಹೆಚ್ಚೇನಿಲ್ಲ. ಬ್ರೇಕು ಹಾಕಿದಾಗ ಗಾಡಿ ಒಂದು ಪಕ್ಕಕ್ಕೆ ಎಳೆದರೆ ಒಂದು ಇಕ್ಕಳ ಕೆಲಸ ಮಾಡುತ್ತಿಲ್ಲವೆಂದು ಶಂಕಿಸಬೇಕು. ಸಮನೆಲದಲ್ಲಿ ಓಡಿ ಬಂದ ಮೇಲೆ ಒಂದು ಗಾಲಿಯ ಬಳಿ ಮಾತ್ರ ಸೀದ ವಾಸನೆ ಬಂದು, ಕೈ ಹತ್ತಿರ ಹಿಡಿದರೆ ಝಳ ಹೊಡೆದರೆ, ಹಿಡಿದ ಇಕ್ಕಳ ಬಿಡುತ್ತಿಲ್ಲವೆಂದು ತಿಳಿಯಬೇಕು. ಡಿಸ್ಕನ್ನು ಮುಟ್ಟಿ ನೋಡುವ ಸಾಹಸ ಬೇಡ. ಅನೇಕ ಪ್ಯಾಡುಗಳಲ್ಲಿ ಸಣ್ಣದೊಂದು ತಗಡಿನ ನಾಲಿಗೆ ಇರುತ್ತದೆ. ಪ್ಯಾಡು ಸವೆದಾಗ ಅದು ಡಿಸ್ಕಿಗೆ ತಗಲಿ ಕೀರಲು ದನಿಯಲ್ಲಿ ಕೂಗುತ್ತದೆ. ರಾತ್ರಿಯೆಲ್ಲ ಮಳೆಯಲ್ಲಿ ನಿಂತ ಗಾಡಿ ಬೆಳಿಗ್ಗೆ ಒಂದೆರಡು ಸಲ ಗೊರಗುಟ್ಟುವುದು ಬೇರೆ. ಅದು ಡಿಸ್ಕಿನ ಮೇಲಿನ ತೆಳು ತುಕ್ಕು, ತಾನೇ ಹೋಗುತ್ತದೆ. ಹೊಸ ಪ್ಯಾಡಿನ ಉಜ್ಜುವ ಪದರ ೧೦ ಮಿಲಿಮೀಟರಿನ ಆಸುಪಾಸಿನಲ್ಲಿರುತ್ತದೆ. ೩ಕ್ಕೆ ಇಳಿದರೆ ಬದಲಿಸತಕ್ಕದ್ದು. ಹಾಗೆ ಬದಲಿಸುವಾಗ ಬಳಿಯಲ್ಲಿ ನಿಂತು, ‘ಪಿನ್ನು ಸಲೀಸಾಗಿ ಸರಿಯುತ್ತದೆಯೇ ನೋಡಿದಿರಾ?’ ಎಂದು ಒಂದು ಮಾತು ಕೇಳಿರಿ. ಹಚ್ಚುವ ಗ್ರೀಸು ಕಾವನ್ನು ತಡೆಯುವ, ರಬ್ಬರಿಗೆ ಹೊಂದುವ ಜಾತಿಯದಾಗಿರಬೇಕು. ಸಿಕ್ಕಿದ ಗ್ರೀಸನ್ನು ಬಳಿದರೆ ರಬ್ಬರು ಉಬ್ಬಿ, ಸರಿಯಬೇಕಾದದ್ದೇ ಬಿಗಿದುಕೊಳ್ಳುತ್ತದೆ.

ಈಗ ವಿದ್ಯುತ್ತಿನ ಕಾರುಗಳು ಬಂದಿವೆ. ಅವು ನಿಲ್ಲುವಾಗ ಮೋಟಾರನ್ನೇ ಹಿಂದುಮುಂದಾಗಿ ದುಡಿಸಿ, ಓಟದ ಶಕ್ತಿಯನ್ನು ಮರಳಿ ಬ್ಯಾಟರಿಗೆ ತುಂಬುತ್ತವೆ. ಇಕ್ಕಳಕ್ಕೆ ಕೆಲಸ ಕಡಿಮೆಯಾಗಿ ಪ್ಯಾಡುಗಳು ಬಹುಕಾಲ ಬಾಳುತ್ತವೆ. ಆದರೆ ಸುಮ್ಮನೆ ಕುಳಿತ ಇಕ್ಕಳಕ್ಕೆ ತುಕ್ಕಿನ ಭಯ ಹೆಚ್ಚು. ಅದರ ಪಿನ್ನುಗಳನ್ನೂ ಮರೆಯದೆ ನೋಡಿಸಬೇಕಾಗುತ್ತದೆ. ಕಾಲ ಬದಲಾದರೂ ಈ ಚಾಕರಿ ತಪ್ಪಿದ್ದಲ್ಲ.

ಮೇಸ್ತ್ರಿಗಳು ಅಂದು ನನ್ನ ಕೈಯಲ್ಲಿಟ್ಟ ಹಳೆಯ ಉಂಗುರ ನನ್ನ ಮೇಜಿನ ಮೇಲೆ ಬಿದ್ದಿದೆ. ತೂಕವೇ ಇಲ್ಲ, ಬೆಲೆಯೂ ಅಲ್ಪ. ಪಾದದ ತುಳಿತವನ್ನು ಐದುನೂರು ಕಿಲೋ ಭಾರವನ್ನಾಗಿ ಮಾಡಿ ಹಿಡಿಯುವ ಯಂತ್ರ, ಹಿಡಿದದ್ದನ್ನು ಬಿಡುವುದಕ್ಕೆ ಇಂಥ ಒಂದು ಎಳೆ ರಬ್ಬರನ್ನೂ ಎರಡು ಚಮಚ ಗ್ರೀಸನ್ನೂ ನಂಬಿಕೊಂಡಿದೆ. ನಮ್ಮ ಮೊಮ್ಮಗಳು ಅದನ್ನು ಬಳೆಯೆಂದು ಕೈಗೆ ಏರಿಸಿಕೊಂಡು ಒಂದು ದಿನ ಮನೆಯೆಲ್ಲ ತಿರುಗಿದಳು. ನಾನು ಬೇಡವೆನ್ನಲಿಲ್ಲ.